ಹಳೆಯ ಸ್ನೋ ಥ್ರೋವರ್ ಮನೆಗೆ ಬಂದಿದೆ: ಮೊದಲ ಹಿಮಕ್ಕೆ ಮುಂಚೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ

ಪರಿಚಯದವರೊಬ್ಬರು ಎಂಟು ವರ್ಷ ಬಳಸಿದ ಸ್ನೋ ಥ್ರೋವರ್, ಅಂದರೆ ಹಿಮವನ್ನು ಎತ್ತಿ ದೂರ ಎಸೆಯುವ ಯಂತ್ರ, ಕೊಂಡುಕೊಂಡಿದ್ದೇನೆ. ಪೆಟ್ರೋಲ್ ಎಂಜಿನ್, ಎರಡು ಹಂತದ್ದು, ಬಾಯಿಯ ಅಗಲ 24 ಇಂಚು. ಕೈಪಿಡಿ ಕಳೆದುಹೋಗಿದೆಯಂತೆ. ಇಷ್ಟು ವರ್ಷ ಸಲಿಕೆಯಲ್ಲೇ ಹಿಮ ಎತ್ತಿ ಹಾಕುತ್ತಿದ್ದೆ, ಹೋದ ಚಳಿಗಾಲದಲ್ಲಿ ಸೊಂಟ ಹಿಡಿದುಕೊಂಡ ಮೇಲೆ ಈ ನಿರ್ಧಾರ ಮಾಡಿದೆ. ಮನೆಯ ಮುಂದಿನ ಕಾರು ದಾರಿಯಲ್ಲಿ ಅರ್ಧ ಕಾಂಕ್ರೀಟ್, ಅರ್ಧ ಜಲ್ಲಿ, ರಸ್ತೆ ಸೇರುವಲ್ಲಿ ಸ್ವಲ್ಪ ಇಳಿಜಾರು. ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಯಂತ್ರದ ಮುಂದೆ ನಿಂತು ಒಳಗಿನ ಸುರುಳಿ ಅಲಗುಗಳನ್ನು ನೋಡಿದರೆ ನಿಜಕ್ಕೂ ಭಯವಾಗುತ್ತದೆ. ಬಳಸಿದವರು ದಯವಿಟ್ಟು ಹೇಳಿ, ನೀವು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಹೇಳಿ.

ಹದಿನಾಲ್ಕು ಚಳಿಗಾಲ ಬಳಸಿದವರು

ಭಯ ಇದೆಯಲ್ಲ, ಅದನ್ನು ಹಾಗೇ ಇಟ್ಟುಕೊಳ್ಳಿ. ಎಣ್ಣೆ, ಬೆಲ್ಟ್, ಪಿನ್ನುಗಳ ವಿಷಯವನ್ನು ಉಳಿದವರು ಹೇಳುತ್ತಾರೆ. ನಾನು ಹೇಳುವುದು ಒಂದೇ, ಕೈಯ ವಿಷಯ.

ನಿಮ್ಮ ಯಂತ್ರ ಎರಡು ಹಂತದ್ದು, ಅಂದರೆ ಅದರಲ್ಲಿ ಸುತ್ತುವ ಭಾಗಗಳು ಎರಡು. ಮುಂದೆ ಕಾಣುವ ಸುರುಳಿ ಆಗರ್, ಅದು ನಿಧಾನವಾಗಿ ತಿರುಗುತ್ತ ಹಿಮವನ್ನು ನಡುವಿಗೆ ಎಳೆದು ತರುತ್ತದೆ. ಅದರ ಹಿಂದೆ ಅಡಗಿರುವುದು ಇಂಪೆಲರ್, ಫ್ಯಾನಿನಂಥದ್ದು. ಅದು ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗಿ ಹಿಮವನ್ನು ಚ್ಯೂಟ್ ಎಂಬ ಮೇಲಿನ ಕೊಳವೆಯ ಮೂಲಕ ಹೊರಗೆ ಎಸೆಯುತ್ತದೆ. ಚ್ಯೂಟಿನ ಬುಡಕ್ಕೆ ಕೈ ಹಾಕಿದರೆ ಬೆರಳಿಗೆ ಮೊದಲು ಸಿಗುವುದು ಇಂಪೆಲರ್. ಹೊರಗಿನಿಂದ ಅದು ಕಾಣುವುದಿಲ್ಲ, ಅಪಾಯ ಇರುವುದೇ ಅಲ್ಲಿ.

ನನ್ನ ಮೂರನೆಯ ಚಳಿಗಾಲ. ಮಧ್ಯಾಹ್ನ ಬಿಸಿಲು ಬಿದ್ದು ಹಿಮ ನೆನೆದ ಹಿಟ್ಟಿನಂತಾಗಿತ್ತು. ಚ್ಯೂಟ್ ಕಟ್ಟಿಕೊಂಡಿತು. ಎಂಜಿನ್ ಆರಿಸಿದೆ. ಎಲ್ಲ ಸದ್ದೂ ನಿಂತಿತು. ಕೈಗವಸು ಹಾಕಿದ ಕೈಯನ್ನು ಒಳಗೆ ಹಾಕಲು ಬಗ್ಗಿದವನು, ಯಾಕೋ ಏನೋ, ಪಕ್ಕದಲ್ಲಿ ಒರಗಿಸಿದ್ದ ಹಳೆಯ ಪೊರಕೆಯ ಹಿಡಿಯನ್ನು ಎತ್ತಿಕೊಂಡೆ. ಎರಡು ಸಲ ತಿವಿದೆ. ಮೂರನೆಯ ಸಲ ಹೆಂಟೆ ಸಡಿಲವಾಯಿತು, ಆ ಕ್ಷಣಕ್ಕೆ ಒಳಗೆ ಟಕ್ ಎಂದಿತು, ಕೋಲು ಕೈಯಲ್ಲಿ ಅದುರಿತು. ಹೊರಗೆಳೆದು ನೋಡಿದರೆ ತುದಿ ಎರಡು ಬೆರಳಗಲ ಜಜ್ಜಿ ನಾರಾಗಿತ್ತು. ಎಂಜಿನ್ ಆರಿ ಒಂದು ನಿಮಿಷವೇ ಆಗಿತ್ತು. ಹಿಮ ಕಚ್ಚಿ ಹಿಡಿದಾಗ ಬೆಲ್ಟ್ ಮತ್ತು ಅಲಗುಗಳಲ್ಲಿ ಬಿಗಿತ ಉಳಿದುಬಿಡುತ್ತದೆ, ಅಡ್ಡ ಇದ್ದದ್ದು ಸರಿದ ಕೂಡಲೇ ಅಲಗು ಒಂದಿಷ್ಟು ತಿರುಗುತ್ತದೆ. ಬೆರಳು ಹೋಗಲು ಅಷ್ಟು ಸಾಕು. ಆ ಪೊರಕೆ ಹಿಡಿ ಇವತ್ತಿಗೂ ಯಂತ್ರದ ಮೇಲಿನ ಮೊಳೆಗೆ ನೇತಾಡುತ್ತಿದೆ.

ಆದ್ದರಿಂದ ಕ್ರಮ ಹೀಗೆ. ಆಗರಿನದು, ಚಕ್ರದ್ದು ಎರಡೂ ಹಿಡಿಕೆ ಬಿಡಿ, ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ. ಎಲ್ಲವೂ ನಿಂತಿದೆಯೆಂದು ಕಣ್ಣಾರೆ ಕಾಣುವವರೆಗೆ ಕಾಯಿರಿ, ನಾನು ಬಾಯಿಬಿಟ್ಟು ಹತ್ತರವರೆಗೆ ಎಣಿಸುತ್ತೇನೆ. ಆಮೇಲೂ ಕೈ ಬೇಡ, ಕೋಲೇ ಬೇಕು. ಯಂತ್ರದ ಮೇಲೆಯೇ ಸಿಕ್ಕಿಸಿಡುವ ಪ್ಲಾಸ್ಟಿಕ್ ಸಲಿಕೆಯೊಂದು ಹೊಸ ಯಂತ್ರದ ಜೊತೆ ಬರುತ್ತದೆ. ನಿಮ್ಮದರಲ್ಲಿ ಅದು ಇದೆಯೇ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ತನ್ನಿ.

ಇನ್ನೊಂದು ಮಾತು. ಆಗರ್ ಹಿಡಿಕೆ ಬಿಟ್ಟ ಕೂಡಲೇ ಆಗರ್ ನಿಲ್ಲಬೇಕು, ಐದು ಸೆಕೆಂಡಿಗಿಂತ ಹೆಚ್ಚು ತಿರುಗಿದರೆ ಕೇಬಲ್ ಸರಿಮಾಡಿಸುವವರೆಗೆ ಯಂತ್ರವನ್ನು ಮುಟ್ಟಬೇಡಿ. ಕೈ ನೋಯುತ್ತದೆಂದು ಆ ಹಿಡಿಕೆಯನ್ನು ಹಗ್ಗದಿಂದ ಕಟ್ಟಿಡುವವರನ್ನು ನೋಡಿದ್ದೇನೆ. ನೀವು ಜಾರಿ ಬಿದ್ದಾಗ ಆಗರನ್ನು ನಿಲ್ಲಿಸಲು ಇರುವುದು ಅದೊಂದೇ.

ಯಂತ್ರ ಬಿಚ್ಚಿ ಜೋಡಿಸುವ ಅಭ್ಯಾಸವಿರುವವರು

ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಹಳೆಯ ಯಂತ್ರದ ಗುಟ್ಟೊಂದನ್ನು ಹೇಳುತ್ತೇನೆ, ಏಕೆಂದರೆ ಕೊಳ್ಳುವಾಗ ಇದನ್ನು ಯಾರೂ ನೋಡುವುದಿಲ್ಲ.

ಆಗರಿನ ಎಡ, ಬಲ ಎರಡೂ ಭಾಗ ನಡುವಿನ ದಂಡದ ಮೇಲೆ ಕೂತಿರುವುದು ಶಿಯರ್ ಪಿನ್ನುಗಳ ಆಧಾರದಲ್ಲಿ. ಕಲ್ಲೋ ಮಂಜುಗಡ್ಡೆಯೋ ಸಿಕ್ಕಿಕೊಂಡಾಗ ಈ ಮೆತ್ತಗಿನ ಪಿನ್ ತಾನು ಮುರಿದು, ಒಳಗಿನ ಗೇರ್‌ಬಾಕ್ಸ್ ಉಳಿಸುತ್ತದೆ. ಆದರೆ ವರ್ಷಗಟ್ಟಲೆ ಗ್ರೀಸ್ ಕಾಣದ ಯಂತ್ರದಲ್ಲಿ ಆಗರ್ ದಂಡಕ್ಕೇ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಆಗ ಪಿನ್ ಇದ್ದೂ ಇಲ್ಲದಂತೆ, ಏಟೆಲ್ಲ ನೇರವಾಗಿ ಗೇರ್‌ಬಾಕ್ಸಿಗೆ. ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ ದೂರ ಇಡಿ, ದಪ್ಪ ಕೈಗವಸು ಹಾಕಿಕೊಳ್ಳಿ, ಪಿನ್ನುಗಳನ್ನು ತೆಗೆಯಿರಿ, ಆಗರಿನ ಒಂದೊಂದು ಭಾಗವನ್ನೂ ಕೈಯಿಂದ ತಿರುಗಿಸಿ. ದಂಡದ ಮೇಲೆ ಸಲೀಸಾಗಿ ಸುತ್ತಿದರೆ ಗ್ರೀಸ್ ತುಂಬಿ ಪಿನ್ ಹಾಕಿ. ಅಲುಗಾಡದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡಿ, ಮರುದಿನ ಮತ್ತೆ ಪ್ರಯತ್ನಿಸಿ. ಸುತ್ತಿಗೆಯಿಂದ ಬಡಿಯುವ ಆತುರ ಬೇಡ.

ಪಿನ್ ಮುರಿದಾಗ ಅದೇ ಅಳತೆಯ ಗಟ್ಟಿ ಬೋಲ್ಟ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನಾನೂ ಹಾಕಿದ್ದೆ. ಹಿಮದಡಿಯಲ್ಲಿದ್ದ ಇಟ್ಟಿಗೆ ಚೂರಿಗೆ ಬೋಲ್ಟ್ ಬಗ್ಗಲಿಲ್ಲ, ಗೇರ್‌ಬಾಕ್ಸಿನ ಕವಚ ಬಿರುಕು ಬಿಟ್ಟು ಎಣ್ಣೆ ಹಿಮದ ಮೇಲೆ ಕಪ್ಪಗೆ ಹರಡಿತು. ನಿಮ್ಮ ಮಾದರಿಗೆ ಹೇಳಿದ ಪಿನ್ನುಗಳನ್ನೇ ನಾಲ್ಕಾರು ಹೆಚ್ಚಾಗಿ ತಂದಿಡಿ. ಅವು ಮುರಿಯುವುದು ಯಾವಾಗಲೂ ಕತ್ತಲಲ್ಲಿ, ಚಳಿ ಜೋರಾಗಿದ್ದಾಗಲೇ.

ಜಲ್ಲಿಯ ವಿಷಯ. ಯಂತ್ರದ ಬಾಯಿಯ ಎರಡು ಪಕ್ಕದಲ್ಲಿ ಸ್ಕಿಡ್ ಶೂ ಎಂಬ ಲೋಹದ ಪಾದಗಳಿವೆ, ಬಾಯಿ ನೆಲದಿಂದ ಎಷ್ಟು ಎತ್ತರದಲ್ಲಿರಬೇಕೆಂದು ನಿರ್ಧರಿಸುವುದು ಅವೇ. ಕಾಂಕ್ರೀಟಿಗೆ 3 ಮಿಲಿಮೀಟರ್ ಅಂತರ ಸಾಕು: ಸಮತಟ್ಟಾದ ನೆಲದಲ್ಲಿ ಬಾಯಿಯ ಕೆಳಗಿನ, ನೆಲ ಕೆರೆಯುವ ಸ್ಕ್ರೇಪರ್ ಪಟ್ಟಿಯ ಎರಡು ತುದಿಗೂ ಅಷ್ಟು ದಪ್ಪದ ರಟ್ಟು ಇಟ್ಟು, ಪಾದಗಳ ನಟ್ಟು ಸಡಿಲಿಸಿ ನೆಲಕ್ಕೆ ತಾಗಿಸಿ ಮತ್ತೆ ಬಿಗಿಮಾಡಿ. ಜಲ್ಲಿಗೆ 25ರಿಂದ 30 ಮಿಲಿಮೀಟರ್ ಎತ್ತರಿಸಬೇಕು. ನಿಮ್ಮ ದಾರಿ ಅರ್ಧರ್ಧ ಇರುವುದರಿಂದ ಜಲ್ಲಿಯ ಎತ್ತರಕ್ಕೇ ಇಡಿ ಎನ್ನುವುದು ನನ್ನ ಸಲಹೆ. ಕಾಂಕ್ರೀಟಿನ ಮೇಲೆ ಉಳಿದ ತೆಳು ಪದರವನ್ನು ಸಲಿಕೆಯಿಂದ ತಳ್ಳಬಹುದು, ಚ್ಯೂಟಿನಿಂದ ಹಾರಿದ ಜಲ್ಲಿಕಲ್ಲನ್ನು ಹಿಂದೆ ಕರೆಯಲು ಸಾಧ್ಯವಿಲ್ಲ. ಜಲ್ಲಿಯ ಮೇಲೆ ಒಂದು ಪದರ ಹಿಮ ಹಾಗೇ ಉಳಿಯಲಿ, ತುಳಿದು ಗಟ್ಟಿಯಾದರೆ ಅದೇ ಒಳ್ಳೆಯ ನೆಲ.

ಸ್ಕ್ರೇಪರ್ ಪಟ್ಟಿ ಸವೆದು ಬಾಯಿಯ ತಗಡೇ ನೆಲಕ್ಕೆ ಉಜ್ಜುವ ಮುಂಚೆ ಪಟ್ಟಿ ಬದಲಿಸಿ. ಬೆಲ್ಟುಗಳಲ್ಲಿ ಬಿರುಕಿದ್ದರೆ ಈಗಲೇ ಹೊಸದು ಹಾಕಿಸಿ.

ಒಂದೇ ಸಾಲು, ಮುಖ್ಯವಾದದ್ದು

ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಮಾಡಬೇಡಿ, ಬಾಗಿಲು ಪೂರ್ತಿ ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾನು ಬಿಸಿಯಾಗಲೆಂದು ಐದು ನಿಮಿಷ ಬಿಟ್ಟಿದ್ದೆ, ಮೇಲಿನ ಕೋಣೆಯಲ್ಲಿ ಮಗು ಮಲಗಿತ್ತು, ಅಲಾರಂ ಕೂಗಿತು. ಮನೆಯಲ್ಲಿ ಆ ಅಲಾರಂ ಇಲ್ಲದಿದ್ದರೆ ಯಂತ್ರ ಚಾಲೂ ಮಾಡುವ ಮುಂಚೆ ಅದನ್ನು ಹಾಕಿಸಿ.

ಇಂಧನದ ಬಗ್ಗೆ

ಹಳೆಯ ಯಂತ್ರ ಚಾಲೂ ಆಗದೆ ಸತಾಯಿಸಲು ಮುಖ್ಯ ಕಾರಣ ಹಳೆಯ ಪೆಟ್ರೋಲ್. ಟ್ಯಾಂಕಿನಲ್ಲಿ ಕಳೆದ ವರ್ಷದ್ದು ಉಳಿದಿದ್ದರೆ ಪೂರ್ತಿ ತೆಗೆದುಬಿಡಿ. ಅದು ಅಂಟಾಗಿ ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುತ್ತದೆ. ಆಗ ಚೋಕ್ ಹಾಕಿದಾಗ ಮಾತ್ರ ಓಡುತ್ತದೆ, ಚೋಕ್ ತೆಗೆದರೆ ಕೆಮ್ಮಿ ನಿಲ್ಲುತ್ತದೆ. ಹೀಗಾದರೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಲೇಬೇಕು. ಎಥನಾಲ್ ಶೇಕಡ 10ಕ್ಕಿಂತ ಹೆಚ್ಚಿರುವ ಪೆಟ್ರೋಲ್ ಹಾಕಬೇಡಿ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವಂತಿದ್ದರೆ ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ.

ಪೆಟ್ರೋಲ್ ತುಂಬುವುದು ಬಯಲಲ್ಲಿ, ಎಂಜಿನ್ ತಣ್ಣಗಾದ ಮೇಲೆ. ಕೆಲಸದ ನಡುವೆ ಮುಗಿದರೂ ಹತ್ತು ನಿಮಿಷ ಕಾಯಿರಿ, ಸೈಲೆನ್ಸರ್ ಕಾದ ಕಬ್ಬಿಣವಾಗಿರುತ್ತದೆ.

ಹೆಚ್ಚಿನ ನಾಲ್ಕು-ಸ್ಟ್ರೋಕ್ ಎಂಜಿನ್ನುಗಳಿಗೆ 5ಡಬ್ಲ್ಯು-30 ಎಣ್ಣೆ ಸರಿಹೊಂದುತ್ತದೆ. ಹಳೆಯದನ್ನು ಚೆಲ್ಲಿ ಹೊಸದರಿಂದಲೇ ಆರಂಭಿಸಿ, ಆಮೇಲೆ ವರ್ಷಕ್ಕೊಮ್ಮೆ ಬದಲಿಸಿ. ಏರ್ ಫಿಲ್ಟರ್ ಕಾಣದಿದ್ದರೆ ಗಾಬರಿಯಾಗಬೇಡಿ, ಹಿಮದ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ಇದ್ದರೆ ಹಿಮದ ಪುಡಿ ಸೇರಿ ಹೆಪ್ಪುಗಟ್ಟುತ್ತದೆ. ಮಾದರಿ ಸಂಖ್ಯೆ ಯಂತ್ರದ ಹಿಂಬದಿಯ ತಗಡಿನ ಮೇಲೆ ಇರುತ್ತದೆ, ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ಕೈಪಿಡಿ ಸಿಗುತ್ತದೆ. ಅದನ್ನು ಓದದೆ ಚಾಲೂ ಮಾಡಬೇಡಿ.

ದಿನಾ ಬೆಳಿಗ್ಗೆ ಹಿಮ ತೆಗೆಯುವವರು

ಹಿಮ ಬೀಳುವ ಮುಂಚೆ, ನೆಲ ಕಾಣುವಾಗಲೇ, ದಾರಿಯುದ್ದಕ್ಕೂ ಒಮ್ಮೆ ನಡೆಯಿರಿ. ಕಾಲೊರಸು, ನೀರಿನ ಪೈಪು, ಮಕ್ಕಳ ಆಟಿಕೆ, ಹಗ್ಗ, ಮರದ ತುಂಡು ಎಲ್ಲ ಎತ್ತಿಡಿ. ಅಂಚುಗಳಿಗೆ ಎತ್ತರದ ಕಡ್ಡಿ ನೆಡಿ, ಹಿಮ ಮುಚ್ಚಿದ ಮೇಲೆ ದಾರಿ ಯಾವುದು, ಹೂವಿನ ಪಾತಿ ಯಾವುದು ಎಂದು ಗೊತ್ತಾಗುವುದಿಲ್ಲ.

ಎಷ್ಟು ಬೀಳುತ್ತದೋ ನೋಡೋಣ ಎಂದು ಕಾಯುತ್ತ ಕೂರಬೇಡಿ. ಒಂದು ಗೇಣು ಬಿದ್ದಾಗ ಒಮ್ಮೆ, ನಿಂತ ಮೇಲೆ ಇನ್ನೊಮ್ಮೆ ತೆಗೆಯುವುದು ಯಂತ್ರಕ್ಕೂ ನಿಮಗೂ ಹಗುರ. ಒದ್ದೆ ಹಿಮದಲ್ಲಿ ಎಂಜಿನ್ ಪೂರ್ಣ ವೇಗದಲ್ಲಿರಲಿ, ಚಕ್ರದ ಗೇರ್ ಮಾತ್ರ ನಿಧಾನದ್ದಿರಲಿ. ಎಂಜಿನ್ ವೇಗ ತಗ್ಗಿಸಿದರೆ ಹಿಮ ಚ್ಯೂಟಿನಲ್ಲೇ ಸೋತು ನಿಲ್ಲುತ್ತದೆ. ಚ್ಯೂಟಿನ ಒಳಗೆ ಮೊದಲೇ ಸಿಲಿಕೋನ್ ಸ್ಪ್ರೇ ಹೊಡೆದರೆ ಅಂಟುವುದು ಕಡಿಮೆ. ಅಂದರೆ ಕೋಲು ಹಿಡಿಯುವ ಸಂದರ್ಭವೇ ಕಡಿಮೆ.

ರಸ್ತೆಯ ಹಿಮ ಗುಡಿಸುವ ಗಾಡಿ ನಿಮ್ಮ ದಾರಿಯ ಬಾಯಿಗೆ ತಂದು ಒಟ್ಟಿದ ದಿಬ್ಬ ಎಲ್ಲಕ್ಕಿಂತ ಕಷ್ಟದ್ದು. ಅದರಲ್ಲಿ ಉಪ್ಪು, ಕಲ್ಲು, ಮಂಜುಗಡ್ಡೆ ಎಲ್ಲ ಇರುತ್ತದೆ. ಯಂತ್ರದ ಅರ್ಧ ಅಗಲವನ್ನು ಮಾತ್ರ ನುಗ್ಗಿಸಿ, ನಿಧಾನವಾಗಿ ಕಚ್ಚಿಸಿ. ಓಡಿಬಂದು ಗುದ್ದಬೇಡಿ.

ಇಳಿಜಾರಿನಲ್ಲಿ ಮೇಲಕ್ಕೆ, ಕೆಳಕ್ಕೆ ನಡೆಯಿರಿ, ಅಡ್ಡಕ್ಕೆ ಬೇಡ. ಹಿಂದಕ್ಕೆ ಎಳೆಯುವಾಗ ಕಾಲು ಜಾರುವುದು ಹೆಚ್ಚು, ನಾನು ಬಿದ್ದ ಎರಡು ಸಲವೂ ಹಿಂದಕ್ಕೆ ಬರುವಾಗಲೇ. ಉದ್ದನೆಯ ಮಫ್ಲರ್ ಕುತ್ತಿಗೆಗೆ ಸುತ್ತಿಕೊಂಡು ಯಂತ್ರದ ಹತ್ತಿರ ಹೋಗಬೇಡಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲಿ.

ಮಕ್ಕಳ ವಿಷಯಕ್ಕೆ ನಮ್ಮ ಮನೆಯ ನಿಯಮ ಒಂದೇ. ಯಂತ್ರದ ಸದ್ದು ಕೇಳುವಷ್ಟು ಹೊತ್ತು ಮಕ್ಕಳು ಮನೆಯೊಳಗೆ, ದೊಡ್ಡವರೊಬ್ಬರ ಕಣ್ಣಳತೆಯಲ್ಲಿ. ಹೊರಗೆ ಬಂದದ್ದು ಕಂಡರೆ ನಾನು ಎರಡೂ ಹಿಡಿಕೆ ಬಿಡುತ್ತೇನೆ, ಅವರು ಒಳಗೆ ಹೋಗುವವರೆಗೆ ಮತ್ತೆ ಹಿಡಿಯುವುದಿಲ್ಲ. ಚ್ಯೂಟಿನ ಮುಖ ಕಿಟಕಿ, ಕಾರು, ಮನುಷ್ಯರ ಕಡೆ ಇರಲೇಬಾರದು.

ಮುಗಿದ ಮೇಲೆ ಬಯಲಿನಲ್ಲೇ ಒಂದೆರಡು ನಿಮಿಷ ಆಗರನ್ನು ಖಾಲಿ ಓಡಿಸಿ, ಅಂಟಿದ ಹಿಮ ಉದುರುತ್ತದೆ. ಹಾಗೇ ಒಳಗಿಟ್ಟರೆ ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ ಇಂಪೆಲರನ್ನು ಕಚ್ಚುತ್ತದೆ, ಬೆಳಿಗ್ಗೆ ಹಿಡಿಕೆ ಒತ್ತಿದರೆ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ. ಯಂತ್ರ ಬೆಚ್ಚಗಿನ ಜಾಗದಲ್ಲಿದ್ದರೆ ಕೆಲಸಕ್ಕೆ ಮುಂಚೆ ಕೆಲ ಹೊತ್ತು ಹೊರಗಿಟ್ಟು ತಣ್ಣಗಾಗಲು ಬಿಡಿ. ಬಿಸಿ ತಗಡಿಗೆ ಬಿದ್ದ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಬ್ಯಾಟರಿ ಯಂತ್ರ ಇರುವವರು

ಇದನ್ನು ಓದುವ ಬೇರೆಯವರಿಗಾಗಿ: ಬ್ಯಾಟರಿಯದ್ದಾದರೆ ಸದ್ದು ಕಡಿಮೆ, ಹೊಗೆಯಿಲ್ಲ, ಹಾಗಾಗಿ ಮೈಮರೆಯುವುದೂ ಸುಲಭ. ಚ್ಯೂಟ್ ಮುಟ್ಟುವ ಮುಂಚೆ ಬ್ಯಾಟರಿಯನ್ನೇ ಹೊರಗೆ ತೆಗೆಯಿರಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಮನೆಯೊಳಗೆ ತಂದು ಬೆಚ್ಚಗಾದ ಮೇಲೆ ಮಾಡಿ.

ಕೇಳಿದವರು, ಐದು ವಾರಗಳ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಪಿನ್ ತೆಗೆದು ನೋಡಿದರೆ ಬಲಭಾಗ ಸಲೀಸಾಗಿ ಸುತ್ತಿತು, ಎಡಭಾಗ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎರಡು ರಾತ್ರಿ ಎಣ್ಣೆ ಕುಡಿಸಿದ ಮೇಲೆ ಕರಕರ ಎಂದು ಬಿಟ್ಟುಕೊಂಡಿತು, ಒಳಗಿನಿಂದ ಕೆಂಪು ಪುಡಿ ಸುರಿಯಿತು. ಅದನ್ನು ನೋಡದೆ ಹೋಗಿದ್ದರೆ ಗೇರ್‌ಬಾಕ್ಸ್ ಗತಿ ಏನಾಗುತ್ತಿತ್ತೋ. ಚ್ಯೂಟಿನ ಸಲಿಕೆ ಇರಲಿಲ್ಲ, ಹೊಸದು ತಂದು ಸಿಕ್ಕಿಸಿದ್ದೇನೆ.

ನಿನ್ನೆ ಮೊದಲ ದೊಡ್ಡ ಹಿಮ ಬಿತ್ತು, ಅಳೆದಾಗ 18 ಸೆಂಟಿಮೀಟರ್ ಇತ್ತು. ರಸ್ತೆಯಂಚಿನ ದಿಬ್ಬದಲ್ಲಿ ಒಂದು ಸಲ ಚ್ಯೂಟ್ ಕಟ್ಟಿಕೊಂಡಿತು. ಹಿಡಿಕೆ ಬಿಟ್ಟು, ಆರಿಸಿ, ಕೀಲಿ ಜೇಬಿಗೆ ಹಾಕಿ ಗಟ್ಟಿಯಾಗಿ ಹತ್ತರವರೆಗೆ ಎಣಿಸಿದೆ. ಚಿಕ್ಕವನು ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಒಳಗಿನಿಂದ ನನ್ನ ಜೊತೆಗೇ ಎಣಿಸುತ್ತಿದ್ದನಂತೆ, ಹೆಂಡತಿ ಆಮೇಲೆ ಹೇಳಿದಳು.

ಒಂದು ಸಣ್ಣ ತೊಂದರೆ ಉಳಿದಿದೆ. ನೇರ ನಡೆಸಿದರೂ ಯಂತ್ರ ಎಡಕ್ಕೆ ಎಳೆಯುತ್ತದೆ, ಅರ್ಧ ಗಂಟೆಯಲ್ಲಿ ಭುಜ ನೋಯುತ್ತದೆ. ಏನಿರಬಹುದು?

ಯಂತ್ರ ಬಿಚ್ಚಿ ಜೋಡಿಸುವವರು

ಮೊದಲು ಎರಡೂ ಟೈರಿನ ಗಾಳಿ ಅಳೆಯಿರಿ, ಎಡದ್ದು ಕಡಿಮೆ ಇರುವ ಸಾಧ್ಯತೆಯೇ ಹೆಚ್ಚು. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ಮೀರದೆ ಎರಡಕ್ಕೂ ಒಂದೇ ಒತ್ತಡ ತುಂಬಿ. ಅದು ಸರಿಯಿದ್ದರೆ ರಟ್ಟು ಇಟ್ಟು ಸ್ಕಿಡ್ ಶೂಗಳನ್ನು ಮತ್ತೆ ಸಮ ಮಾಡಿ, ಒಂದು ಪಾದ ಸವೆದಿದ್ದರೆ ಅಥವಾ ಮೇಲಕ್ಕೆ ಸರಿದಿದ್ದರೆ ಯಂತ್ರದ ಆ ಬದಿ ನೆಲ ಕೆರೆಯುತ್ತದೆ.