ಟೈಟನ್ 2: ಕ್ಷಿಪಣಿಯಾಗಿದ್ದ ರಾಕೆಟ್ಟಿಗೆ ಹವಾಮಾನ ಉಪಗ್ರಹವನ್ನು ಒಪ್ಪಿಸಿದ್ದು ಹೇಗೆ?

ಪ್ರಶ್ನೆ:
ಅಮೆರಿಕದ ಸೇನಾ ಹವಾಮಾನ ಉಪಗ್ರಹ ಡಿಎಂಎಸ್‌ಪಿ ಎಫ್-16 ಅನ್ನು 2003ರ ಅಕ್ಟೋಬರ್ 18ರಂದು ಹೊತ್ತೊಯ್ದ ಟೈಟನ್ 2, ಅಣ್ವಸ್ತ್ರ ಸಾಗಿಸಲೆಂದೇ 1960ರ ದಶಕದಲ್ಲಿ ತಯಾರಾದ ಕ್ಷಿಪಣಿಯೆಂದು ಓದಿದೆ. ವರ್ಷಗಟ್ಟಲೆ ನೆಲದಡಿಯ ಬಾವಿಯಲ್ಲಿ ನಿಂತಿದ್ದುದನ್ನು ಇಂಥ ಕೆಲಸಕ್ಕೆ ನಂಬಿದ್ದು ಹೇಗೆ? ಆ ಹಾರಾಟದೊಂದಿಗೇ ಅದನ್ನು ನಿಲ್ಲಿಸಿದ್ದೇಕೆ?

ಉತ್ತರ 1:
ಕ್ಷಿಪಣಿಯನ್ನು ಇದ್ದಂತೆಯೇ ಹಾರಿಸಲಿಲ್ಲ. 1987ರ ಹೊತ್ತಿಗೆ ಸೇವೆಯಿಂದ ಹಿಂತೆಗೆದವುಗಳ ಪೈಕಿ 14ನ್ನು ಮಾರ್ಟಿನ್ ಮೇರಿಯೆಟ್ಟಾ ಕಂಪನಿ ಆರಿಸಿಕೊಂಡು, ಎಂಜಿನ್‌ಗಳನ್ನು ದುರಸ್ತಿಗೊಳಿಸಿ, ಸಿಡಿತಲೆಯಿದ್ದ ಜಾಗದಲ್ಲಿ ಉಪಗ್ರಹವನ್ನು ಕೂರಿಸುವ ಚೌಕಟ್ಟನ್ನೂ ಅದರ ಮೇಲೆ ರಕ್ಷಣಾ ಕವಚವನ್ನೂ ಜೋಡಿಸಿತು. 1988ರಿಂದ 2003ರವರೆಗೆ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಿಂದ ಇಂಥ 13 ರಾಕೆಟ್‌ಗಳು ಹಾರಿದವು. 1994ರಲ್ಲಿ ಚಂದ್ರನತ್ತ ಹೊರಟ ಕ್ಲೆಮೆಂಟೈನ್ ನೌಕೆಯೂ ಇದರ ಮೇಲೆಯೇ ಹೋಯಿತು. 1993ರಲ್ಲಿ ಇದೇ ರಾಕೆಟ್ ಹೊತ್ತೊಯ್ದ ಭೂವೀಕ್ಷಣಾ ಉಪಗ್ರಹ ಲ್ಯಾಂಡ್‌ಸ್ಯಾಟ್ 6 ಕಳೆದುಹೋದದ್ದಕ್ಕೆ ಉಪಗ್ರಹದೊಳಗಿನ ದೋಷ ಕಾರಣವೇ ಹೊರತು ರಾಕೆಟ್ ಅಲ್ಲ. ಇದನ್ನು ಮರೆತು ಆ ನಷ್ಟವನ್ನು ಟೈಟನ್‌ನ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಉತ್ತರ 2:
ಇಂಧನದ ವಿಷಯವನ್ನೂ ಸೇರಿಸಬೇಕು. ಟೈಟನ್‌ನ ಇಂಧನವಾದ ಏರೋಝೀನ್ 50 ಮತ್ತು ಅದನ್ನು ಉರಿಸಲು ಆಮ್ಲಜನಕ ಒದಗಿಸುವ ನೈಟ್ರೋಜನ್ ಟೆಟ್ರಾಕ್ಸೈಡ್‌ಗಳನ್ನು ಸಾಮಾನ್ಯ ಉಷ್ಣಾಂಶದಲ್ಲೇ ತುಂಬಿಡಬಹುದು, ಎರಡೂ ಸೇರಿದೊಡನೆ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಸದಾ ಸನ್ನದ್ಧವಾಗಿರಬೇಕಾದ ಕ್ಷಿಪಣಿಗೆ ಈ ಗುಣ ಬೇಕೇ ಬೇಕಿತ್ತು. ಆದರೆ ಇವು ಅತ್ಯಂತ ವಿಷಕಾರಿ. 1980ರಲ್ಲಿ ಅರ್ಕಾನ್ಸಾ ರಾಜ್ಯದ ಡಮಾಸ್ಕಸ್ ಬಳಿಯ ಬಾವಿಯಲ್ಲಿ, ಕೈಜಾರಿದ ಒಂದು ಉಪಕರಣ ಬಡಿದು ಇಂಧನದ ತೊಟ್ಟಿ ತೂತಾಗಿ, ಮರುದಿನ ಕ್ಷಿಪಣಿಯೇ ಸ್ಫೋಟಿಸಿ ಒಬ್ಬ ಯೋಧ ಪ್ರಾಣ ಕಳೆದುಕೊಂಡ. ನಮ್ಮ ಪಿಎಸ್‌ಎಲ್‌ವಿಯ ಎರಡನೇ ಹಂತದ ವಿಕಾಸ್ ಎಂಜಿನ್ ಬಳಸುವುದೂ ಇದೇ ಕುಲದ ಇಂಧನವನ್ನು.

ಪ್ರಶ್ನೆ ಕೇಳಿದವರು:
ಧನ್ಯವಾದ. ಎರಡೇ ಹಂತಗಳ ರಾಕೆಟ್ ಸುಮಾರು 850 ಕಿಲೋಮೀಟರ್ ಎತ್ತರದ ಧ್ರುವೀಯ ಕಕ್ಷೆಗೆ ತಲುಪಿಸುತ್ತಿತ್ತೇ?

ಉತ್ತರ 1:
ತಾನೊಂದೇ ತಲುಪಿಸುತ್ತಿರಲಿಲ್ಲ. ಎರಡನೇ ಹಂತದ ಎಂಜಿನ್ನನ್ನು ಮತ್ತೆ ಹೊತ್ತಿಸಲು ಬಾರದ ಕಾರಣ, ಉಪಗ್ರಹವು ತನ್ನಲ್ಲೇ ಇದ್ದ ಘನ ಇಂಧನದ ಮೋಟಾರನ್ನು ಉರಿಸಿ ಕೊನೆಯ ವೇಗವನ್ನು ಪಡೆಯುತ್ತಿತ್ತು. ಇನ್ನು, ನಿಲ್ಲಿಸಿದ್ದು ರಾಕೆಟ್ ಕೆಟ್ಟಿತೆಂದಲ್ಲ. ತಯಾರಿಕೆ ಎಂದೋ ಮುಗಿದಿದ್ದರಿಂದ, ನವೀಕರಿಸಿದ ದಾಸ್ತಾನು ತೀರಿದ ಮೇಲೆ ಹೊಸದಾಗಿ ಕಟ್ಟುವ ಮಾತೇ ಇರಲಿಲ್ಲ. ಹಾರದೆ ಉಳಿದದ್ದು ಒಂದೇ, ಅದು ಆರೆಗಾನ್ ರಾಜ್ಯದ ವಸ್ತುಸಂಗ್ರಹಾಲಯ ಸೇರಿತು. ಸರಣಿಯ ಮುಂದಿನ ಉಪಗ್ರಹ ಎಫ್-17 ಅನ್ನು 2006ರ ನವೆಂಬರ್‌ನಲ್ಲಿ ಡೆಲ್ಟಾ 4 ರಾಕೆಟ್ ಹೊತ್ತೊಯ್ದಿತು.