ಸಹಾಯ ಬೇಕು: ಶುಕ್ರನ ಅಯಾನುಗೋಳದ ರೇಡಿಯೋ ಡೇಟಾ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಜಪಾನಿನ ಅಕಾಟ್ಸುಕಿ ನೌಕೆಯ ರೇಡಿಯೋ ಡೇಟಾ ತೆಗೆದುಕೊಂಡಿದ್ದೇನೆ. 2015ರ ಡಿಸೆಂಬರ್‌ನಲ್ಲಿ ಶುಕ್ರನ ಕಕ್ಷೆ ಸೇರಿದ ನೌಕೆ ಅದು. ಗ್ರಹದ ಹಿಂದೆ ಮರೆಯಾಗುವಾಗ ಅದರ ಸಿಗ್ನಲ್ ಅಲ್ಲಿನ ವಾತಾವರಣವನ್ನು ಹಾದು ಭೂಮಿಗೆ ಬರುತ್ತಿತ್ತು. ನಮ್ಮ ಬ್ಯಾಲಾಳಿನ ಇಸ್ರೋ ಕೇಂದ್ರದ 32 ಮೀಟರ್ ಆಂಟೆನಾ ಕೂಡ ಅದನ್ನು ಹಿಡಿದಿದೆ. ಬೆಂಗಳೂರಿನ ಪಕ್ಕದಲ್ಲೇ ಕೂತು ಶುಕ್ರನ ಗಾಳಿಯನ್ನು ಅಳೆಯುವುದು ಎಂಥ ಖುಷಿ, ಅಲ್ವಾ?

ಕೆಳಗಿನ ದಟ್ಟ ಗಾಳಿಯಲ್ಲಿ ತೊಂದರೆ ಇಲ್ಲ. ಸಿಗ್ನಲ್ ಜಾಸ್ತಿ ಬಾಗುತ್ತದೆ, ಫ್ರೀಕ್ವೆನ್ಸಿ ಬದಲಾಗುವುದು ಎದ್ದು ಕಾಣುತ್ತದೆ. ನನಗೆ ಬೇಕಿರುವುದು ಅಯಾನುಗೋಳ (ವಿದ್ಯುದಾವೇಶದ ಕಣಗಳಿರುವ ಮೇಲಿನ ವಾತಾವರಣ), ಅದರಲ್ಲೂ ಸುಮಾರು 140 ಕಿ.ಮೀ. ಎತ್ತರದಲ್ಲಿರುವ ಎಲೆಕ್ಟ್ರಾನ್ ಪದರ. ಅದರ ಮೇಲ್ಭಾಗದಲ್ಲಿ ಸಿಗ್ನಲ್ ಉಲ್ಟಾ, ಅಂದರೆ ಗ್ರಹದಿಂದ ಆಚೆಗೆ ಬಾಗುತ್ತದೆ. ಅದೂ ತೀರಾ ಸ್ವಲ್ಪ. ಎರಡು ಫ್ರೀಕ್ವೆನ್ಸಿ ಇದ್ದಿದ್ದರೆ ಹೋಲಿಸಿ ನೋಡಿ ಪ್ಲಾಸ್ಮಾದ, ಅಂದರೆ ಈ ಆವೇಶದ ಕಣಗಳ ಪಾಲನ್ನು ಬೇರೆ ಮಾಡಬಹುದಿತ್ತು. ಇಲ್ಲಿರುವುದು ಎಕ್ಸ್-ಬ್ಯಾಂಡ್ ಒಂದೇ, 8.4 ಗಿಗಾಹರ್ಟ್ಸ್.

ಪದರಕ್ಕಿಂತ ತುಂಬಾ ಮೇಲೆ ಫ್ರೀಕ್ವೆನ್ಸಿ ಬದಲಾವಣೆ ತೋರಿಸುವ ನನ್ನ ಗ್ರಾಫಿನ ಗೆರೆ ಸೊನ್ನೆಯಲ್ಲೇ ನಿಲ್ಲಬೇಕು. ನಿಲ್ಲುತ್ತಿಲ್ಲ, ನಿಧಾನವಾಗಿ ಓರೆಯಾಗುತ್ತಿದೆ. ನೇರ ಗೆರೆ ಹಾಕಿ ಕಳೆದರೆ ಪದರ ಚೆನ್ನಾಗಿ ಕಾಣುತ್ತದೆ. ಎರಡನೇ ಘಾತದ ವಕ್ರರೇಖೆ ಹಾಕಿದರೆ ಅರ್ಧ ಪದರವೇ ಮಾಯ! ಯಾವುದನ್ನು ನಂಬಲಿ? ನಾಲ್ಕು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಸೊನ್ನೆ ಗೆರೆಗೆ ಯಾವ ಎತ್ತರದಿಂದ ಎಲ್ಲಿಯವರೆಗಿನ ಡೇಟಾ ತೆಗೆದುಕೊಳ್ಳುತ್ತೀರಿ? ದಾರಿಯಲ್ಲಿ ಸೌರ ಮಾರುತ, ನಮ್ಮ ಭೂಮಿಯ ಅಯಾನುಗೋಳ ಸೇರಿಸುವ ಏರಿಳಿತವನ್ನು ಹೇಗೆ ಗುರುತಿಸುತ್ತೀರಿ? ಗ್ರಾಫ್, ಪೈಥಾನ್ ಕೋಡ್ ಎರಡೂ ಕಳಿಸಬಲ್ಲೆ. ಮುಂದಿನ ವಾರ ಗೈಡ್‌ಗೆ ತೋರಿಸಬೇಕು.