‘ಕೆಲಸಕ್ಕೆ’ ಹೋಗೋದು, ‘ಕೆಲಸದ ಮೇಲೆ’ ಹೋಗೋದು: ಪೈಲಟ್ ಓಡಾಟದ ಖರ್ಚು ಮತ್ತು ‘ಕಡಿತ’ ಎಂಬ ಪದ

ಗೆಳೆಯರೇ, ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಒಂದು ‘ಕಮ್ಯೂಟಿಂಗ್’. ಇನ್ನೊಂದು ಆದಾಯ ತೆರಿಗೆಯಲ್ಲಿ ಬರುವ ‘ಡಿಡಕ್ಷನ್’. ಪತ್ರಿಕೆಗಳಲ್ಲಿ ಇವಕ್ಕೆ ‘ದಿನನಿತ್ಯದ ಪ್ರಯಾಣ’, ‘ಕಡಿತ’ ಎಂದು ಬರೆಯುತ್ತಾರೆ. ಎರಡೂ ನನಗೆ ಸರಿ ಕಾಣುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಚಿಕ್ಕಬಳ್ಳಾಪುರದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ನಮ್ಮ ಬೀದಿಯ ದ್ರಾಕ್ಷಿ ಬೆಳೆಗಾರರೊಬ್ಬರ ಮಗಳು ಪೈಲಟ್. ಕಂಪನಿ ಅವಳಿಗೆ ಹೈದರಾಬಾದನ್ನು ನೆಲೆಯಾಗಿ ಕೊಟ್ಟಿದೆ, ಅಂದರೆ ಅವಳ ಡ್ಯೂಟಿ ಶುರುವಾಗುವುದು ಅಲ್ಲಿಂದ. ಬಿಡುವು ಸಿಕ್ಕಾಗಲೆಲ್ಲ ಊರಿಗೆ ಬರುತ್ತಾಳೆ. ಡ್ಯೂಟಿ ಹತ್ತಿರ ಬಂದಾಗ ಇಲ್ಲಿಂದ ದೇವನಹಳ್ಳಿಗೆ ಕಾರು, ಅಲ್ಲಿಂದ ಹೈದರಾಬಾದಿಗೆ ವಿಮಾನ. ಟಿಕೆಟ್ಟಿಗೆ ಅವಳದೇ ದುಡ್ಡು. ‘ಅಂಕಲ್, ವರ್ಷಕ್ಕೆ ಇಷ್ಟೊಂದು ಖರ್ಚಾಗುತ್ತೆ. ಟ್ಯಾಕ್ಸ್ ಲೆಕ್ಕದಲ್ಲಿ ಇದನ್ನ ಕಳೀಬಹುದಾ?’ ಎಂದು ಕೇಳಿದಳು. ಆಗಲ್ಲಮ್ಮ ಎಂದೆ. ಪಕ್ಕದಲ್ಲೇ ಕೂತಿದ್ದ ಅವಳ ಅಪ್ಪನಿಗೂ ತಿಳಿಯಲಿ ಅಂತ ‘ಈ ಖರ್ಚಿಗೆ ಕಡಿತ ಸಿಗಲ್ಲ’ ಎಂದು ಬಿಡಿಸಿ ಹೇಳಿದೆ. ಅವರ ಮುಖ ಅರಳಿತು. ‘ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಸಾರ್, ಏನೂ ಕಡ್ಕೊಳಲ್ಲ’ ಎಂದರು.

ಆ ಮಾತಿನಲ್ಲಿ ಅವರ ತಪ್ಪೇನಿದೆ? ವಿದ್ಯುತ್ ಕಡಿತ, ನೀರಿನ ಕಡಿತ, ಸಂಬಳ ಕಡಿತ. ಕನ್ನಡದಲ್ಲಿ ಕಡಿತ ಅಂದರೆ ಕೈಯಲ್ಲಿದ್ದದ್ದು ಹೋಗುವುದು. ಬೇರೆ ಯಾರೋ ಕಡಿಯುತ್ತಾರೆ, ನಮಗೆ ನಷ್ಟ. ಸಂಬಳ ಕೈಗೆ ಬರುವ ಮೊದಲೇ ಕಂಪನಿ ತೆರಿಗೆ ಹಿಡಿದುಕೊಳ್ಳುವುದಕ್ಕೆ ‘ಮೂಲದಲ್ಲೇ ತೆರಿಗೆ ಕಡಿತ’ ಎಂದರೆ ಸರಿಯಾಗಿ ಹೊಂದುತ್ತದೆ. ಆದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ನಮ್ಮ ಖರ್ಚನ್ನು ನಾವೇ ತೆಗೆದಿಡುವುದು ಇದಕ್ಕೆ ಪೂರ್ತಿ ಉಲ್ಟಾ. ಅದು ನಮಗೆ ಲಾಭ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ಏನು ತಿಳಿದುಕೊಳ್ಳಬೇಕು?

ಬೇಕಾದ ಮಾತು ಅದೇ ರೈತರ ಬಾಯಲ್ಲಿ ಆಗಲೇ ಇದೆ. ದ್ರಾಕ್ಷಿ ಮಾರಿ ಬಂದ ದಿನ ಅವರು ಕೇಳುವುದು ಹೀಗೆ: ‘ಖರ್ಚೆಲ್ಲ ಕಳೆದು ಎಷ್ಟು ಉಳೀತು?’ ಮಂಡಿಯವರು ಕಮಿಷನ್ ಹಿಡಿದರೆ ಮಾತ್ರ ‘ಮುರ್ಕೊಂಡ್ರು’ ಎನ್ನುತ್ತಾರೆ. ನೋಡಿ, ನಾವು ಕಳೆಯುವುದು ಬೇರೆ, ಅವರು ಮುರಿದುಕೊಳ್ಳುವುದು ಬೇರೆ. ತೆರಿಗೆ ಕಾಯ್ದೆಗೆ ಬೇಕಾಗಿರುವುದೂ ಇದೇ ವ್ಯತ್ಯಾಸ. ಹಾಗಾಗಿ ‘ಡಿಡಕ್ಷನ್’ಗೆ ‘ಕಳೆತ’, ಬೇಡವಾದರೆ ಇನ್ನೂ ಸರಳವಾಗಿ ‘ಕಳೆಯುವ ಖರ್ಚು’ ಎನ್ನೋಣ ಅನ್ನುವುದು ನನ್ನ ಸಲಹೆ. ಕೂಡು, ಕಳೆ ಎಂದು ಲೆಕ್ಕ ಕಲಿತ ಯಾರಿಗಾದರೂ ಇದು ಅರ್ಥವಾಗುತ್ತದೆ.

ಈಗ ‘ಕಮ್ಯೂಟಿಂಗ್’. ನನಗೆ ಜಾಸ್ತಿ ತಲೆ ಕೆಡಿಸಿದ್ದು ಇದೇ.

ತುಮಕೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಕೇಳಿ. ‘ದಿನಾ ಅಪ್ ಅಂಡ್ ಡೌನ್ ಮಾಡ್ತೀನಿ’ ಎನ್ನುತ್ತಾರೆ. ಬಂಗಾರಪೇಟೆ, ಮಾರಿಕುಪ್ಪಂ ಕಡೆಯ ರೈಲಿನವರೂ ಇದನ್ನೇ ಹೇಳುತ್ತಾರೆ. ‘ಓಡಾಟ’ ಅನ್ನುವವರೂ ಇದ್ದಾರೆ. ‘ಪ್ರಯಾಣ’ ಎನ್ನುವವರನ್ನು ನಾನು ಕೇಳಿಲ್ಲ. ಪೈಲಟ್ ವಿಷಯದಲ್ಲಿ ‘ದಿನನಿತ್ಯ’ ಎಂಬುದೂ ಸುಳ್ಳಾಗುತ್ತದೆ. ನಮ್ಮ ಹುಡುಗಿ ಹೈದರಾಬಾದಿಗೆ ಹೋಗುವುದು ತಿಂಗಳಲ್ಲಿ ಕೆಲವೇ ಸಲ. ಆದರೂ ತೆರಿಗೆಯ ಕಣ್ಣಿಗೆ ಅದು ಮನೆಯಿಂದ ಕೆಲಸಕ್ಕೆ ಹೋಗುವ ಓಡಾಟವೇ. ದೂರ ಎಷ್ಟು, ಎಷ್ಟು ದಿನಕ್ಕೊಮ್ಮೆ, ಬಸ್ಸೋ ವಿಮಾನವೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಲೆಕ್ಕಕ್ಕೆ ಬರುವುದು ಯಾವುದು? ಇದನ್ನು ಯೋಚಿಸುತ್ತಿದ್ದಾಗ ಕನ್ನಡದ ಒಂದು ಚಂದ ಕಣ್ಣಿಗೆ ಬಿತ್ತು. ನಾವು ‘ಕೆಲಸಕ್ಕೆ ಹೋದ’ ಎನ್ನುತ್ತೇವೆ. ‘ಕೆಲಸದ ಮೇಲೆ ಹೋದ’ ಎಂದೂ ಎನ್ನುತ್ತೇವೆ. ಎರಡೂ ಒಂದೇ ಅಲ್ಲ, ಅಲ್ವಾ? ಬೆಳಿಗ್ಗೆ ಬುತ್ತಿ ಹಿಡಿದು ಹೊರಟರೆ ಕೆಲಸಕ್ಕೆ. ಕಚೇರಿಯವರೇ ದೆಹಲಿಗೆ ಕಳಿಸಿದರೆ ಕೆಲಸದ ಮೇಲೆ. ಮೊದಲನೆಯದರಲ್ಲಿ ಕೆಲಸ ಇನ್ನೂ ಶುರುವಾಗಿಲ್ಲ. ಎರಡನೆಯದರಲ್ಲಿ ಹೋಗುವುದೇ ಕೆಲಸ. ಕಾನೂನು ಪುಟಗಟ್ಟಲೆ ಹೇಳುವುದನ್ನು ನಮ್ಮ ಭಾಷೆ ‘ಕ್ಕೆ’ ಮತ್ತು ‘ಮೇಲೆ’ ಎಂಬ ಎರಡು ತುಣುಕಿನಲ್ಲಿ ಹೇಳಿ ಮುಗಿಸಿದೆ. ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಇರುವವರೂ ‘ಪನಿಕಿ’, ‘ಪನಿ ಮೀದ’ ಎಂದು ಹೀಗೇ ಬೇರೆ ಮಾಡಿ ಹೇಳುತ್ತಾರೆ.

ಬಸ್ಸಿನ ಉದಾಹರಣೆ ಕೊಟ್ಟ ಮೇಲೆ ಆ ಅಪ್ಪನಿಗೆ ವಿಷಯ ತಟ್ಟನೆ ಹಿಡಿಯಿತು. ಶಿಡ್ಲಘಟ್ಟದ ಹಳ್ಳಿಯ ಡ್ರೈವರ್ ಚಿಕ್ಕಬಳ್ಳಾಪುರದ ಡಿಪೋಗೆ ಬರುವುದು ಡ್ಯೂಟಿಗೆ. ಡಿಪೋ ಬಿಟ್ಟು ಬಸ್ಸು ತಗೊಂಡು ಯಾವುದೋ ಊರಲ್ಲಿ ನೈಟ್ ಹಾಲ್ಟ್ ಮಾಡಿದರೆ ಡ್ಯೂಟಿ ಮೇಲೆ. ಪೈಲಟ್‌ಗೆ ಹೈದರಾಬಾದೇ ಡಿಪೋ. ಅಲ್ಲಿಂದ ಹಾರಿ ಕೋಲ್ಕತ್ತದಲ್ಲಿ ರಾತ್ರಿ ತಂಗಿದರೆ ಕೆಲಸದ ಮೇಲೆ.

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. ಕೆಲವೊಮ್ಮೆ ಪೈಲಟ್‌ಗಳನ್ನು ಕಂಪನಿಯೇ ಪ್ರಯಾಣಿಕರಂತೆ ಕೂರಿಸಿ ಬೇರೆ ಊರಿಗೆ ಕಳಿಸುತ್ತದೆ, ಅಲ್ಲಿಂದ ವಿಮಾನ ಹಾರಿಸಲಿ ಅಂತ. ಅವರ ಭಾಷೆಯಲ್ಲಿ ಅದು ‘ಪೊಸಿಷನಿಂಗ್’. ನಮ್ಮ ದೇಶದ ವಿಮಾನಯಾನ ನಿಯಮಗಳ ಪ್ರಕಾರ ಹಾಗೆ ಕೂತು ಹೋದ ಸಮಯವೂ ಡ್ಯೂಟಿಯೇ. ಈಗ ನೋಡಿ. ಬೆಂಗಳೂರು ಹೈದರಾಬಾದ್ ನಡುವಿನ ಅದೇ ವಿಮಾನ, ಅದೇ ಸೀಟು. ಊರಿಂದ ತಾನೇ ಟಿಕೆಟ್ ತಗೊಂಡು ಹೊರಟರೆ ‘ಕೆಲಸಕ್ಕೆ’. ಕಂಪನಿ ಕಳಿಸಿದರೆ ‘ಕೆಲಸದ ಮೇಲೆ’. ‘ಪ್ರಯಾಣ ವೆಚ್ಚ’ ಎಂದು ಒಟ್ಟಿಗೆ ಬರೆದುಬಿಟ್ಟರೆ ಈ ವ್ಯತ್ಯಾಸವೇ ಕಾಣೆಯಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಗೊಂದಲವಲ್ಲ. ಅಮೆರಿಕದಲ್ಲಿ ಒಂದು ಊರಲ್ಲಿ ಮನೆ, ಇನ್ನೊಂದು ಊರಲ್ಲಿ ನೆಲೆ ಇರುವ ಪೈಲಟ್‌ಗಳು ಬಹಳ. ಅಲ್ಲಿನ ಸುಪ್ರೀಂ ಕೋರ್ಟ್ 1946ರಲ್ಲೇ ಒಬ್ಬ ವಕೀಲರ ಪ್ರಕರಣದಲ್ಲಿ ಇದನ್ನು ತೀರ್ಮಾನಿಸಿತ್ತು. ಅವರ ಮನೆ ಮಿಸಿಸಿಪಿಯ ಜಾಕ್ಸನ್‌ನಲ್ಲಿ, ಕೆಲಸ ಅಲಬಾಮಾದ ಮೊಬೀಲ್‌ನ ರೈಲು ಕಂಪನಿಯಲ್ಲಿ. ದೂರದಲ್ಲಿ ಮನೆ ಮಾಡಿದ್ದು ಅವರ ಇಷ್ಟ, ಕಂಪನಿಯ ಕೆಲಸಕ್ಕೆ ಅದು ಬೇಕಿರಲಿಲ್ಲ, ಆದ್ದರಿಂದ ಆ ಓಡಾಟದ ಖರ್ಚು ಕಳೆಯುವಂತಿಲ್ಲ ಎಂದಿತು. ಕೆಲಸದ ಮೇಲೆ ಮಾಡಿದ, ಕಂಪನಿ ವಾಪಸು ಕೊಡದ ಖರ್ಚನ್ನು ಅಲ್ಲಿನ ನೌಕರರು ಮೊದಲು ಕಳೆಯಬಹುದಿತ್ತು. 2018ರಿಂದ ಕೇಂದ್ರ ತೆರಿಗೆಯಲ್ಲಿ ಅದೂ ನಿಂತಿದೆ.

ನಮ್ಮಲ್ಲಿ ಸಂಬಳದಾರರು ಖರ್ಚಿನ ಬಿಲ್ ತೋರಿಸಿ ಕಳೆಯುವ ದಾರಿಯೇ ಇಲ್ಲ. ಓಡಾಟಕ್ಕೆಂದು ಕೊಡುವ ಸಾರಿಗೆ ಭತ್ಯೆಯಲ್ಲಿ ತಿಂಗಳಿಗೆ 1,600 ರೂಪಾಯಿಗೆ ತೆರಿಗೆ ಇರಲಿಲ್ಲ. 2018ರ ಬಜೆಟ್ಟಿನಲ್ಲಿ ಅದನ್ನು ತೆಗೆದು ಎಲ್ಲ ಸಂಬಳದಾರರಿಗೂ 40,000 ರೂಪಾಯಿಯ ‘ಸ್ಟ್ಯಾಂಡರ್ಡ್ ಡಿಡಕ್ಷನ್’ ಕೊಟ್ಟರು, ಅಂದರೆ ಬಿಲ್ ಕೇಳದೆ ಸಂಬಳದಿಂದ ಕಳೆಯುವ ನಿಗದಿ ಮೊತ್ತ. ಮುಂದೆ ಅದು 50,000 ಆಯಿತು. ಈಗ ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ, ಒಂದನ್ನು ಆರಿಸಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ 2024ರಿಂದ 75,000. ‘ಪ್ರಮಾಣಿತ ಕಡಿತ’ ಎಂಬ ಈಗಿನ ಅನುವಾದದ ಬದಲು ‘ನಿಗದಿ ಕಳೆತ’ ಎಂದರೆ ಹೇಗೆ?

ಭತ್ಯೆಯದು ಇನ್ನೊಂದು ಕಥೆ. ಬಸ್ಸು, ರೈಲು, ವಿಮಾನದಲ್ಲಿ ದುಡಿಯುವವರಿಗೆ ಓಡಿಸುವ ಹೊತ್ತಿನ ಸ್ವಂತ ಖರ್ಚಿಗೆಂದು ಕೊಡುವ ಭತ್ಯೆಗೆ ಒಂದು ಮಿತಿಯವರೆಗೆ ಹಳೆಯ ಪದ್ಧತಿಯಲ್ಲಿ ತೆರಿಗೆ ಇಲ್ಲ. ದಿನಭತ್ಯೆ ಪಡೆಯುವವರಿಗೆ ಇದು ಸಿಗದು. ಲಾರಿಯವರು ಇಂಥದ್ದಕ್ಕೆ ‘ಬಾಟಾ’ ಎನ್ನುತ್ತಾರೆ. ಪದ ಚೆನ್ನಾಗಿದೆ, ಎಲ್ಲರಿಗೂ ಗೊತ್ತು. ಆದರೆ ಬರವಣಿಗೆಯಲ್ಲಿ ‘ಭತ್ಯೆ’ ಗಟ್ಟಿಯಾಗಿ ನಿಂತಿದೆ, ಅದನ್ನು ಅಲ್ಲಾಡಿಸುವುದು ಬೇಡ.

‘ವಿನಾಯಿತಿ’ಯನ್ನು ಮಾತ್ರ ಎಲ್ಲದಕ್ಕೂ ಬಳಸುವುದನ್ನು ನಿಲ್ಲಿಸಬೇಕು. 2025ರ ಬಜೆಟ್ ಆದಾಗ ‘12 ಲಕ್ಷದವರೆಗೆ ವಿನಾಯಿತಿ’ ಎಂದು ಎಲ್ಲೆಲ್ಲೂ ಕಂಡೆ. ಹೊಸ ಪದ್ಧತಿಯಲ್ಲಿ ನಿಜವಾದ ವಿನಾಯಿತಿ 4 ಲಕ್ಷಕ್ಕೆ ಮಾತ್ರ. ಅದರ ಮೇಲಿನದ್ದಕ್ಕೆ ತೆರಿಗೆ ಲೆಕ್ಕ ಹಾಕಿ, ಒಟ್ಟು ಆದಾಯ 12 ಲಕ್ಷ ದಾಟದಿದ್ದರೆ ಮಾತ್ರ ಬಂದ ತೆರಿಗೆಯನ್ನು ಬಿಟ್ಟುಕೊಡುತ್ತಾರೆ. ಅದು ‘ರಿಯಾಯಿತಿ’. ‘12 ಲಕ್ಷದವರೆಗೆ ವಿನಾಯಿತಿ’ ಎಂಬುದನ್ನು ನಂಬಿ, 13 ಲಕ್ಷ ಆದಾಯ ಇದ್ದರೆ 1 ಲಕ್ಷಕ್ಕಷ್ಟೇ ತೆರಿಗೆ ಎಂದುಕೊಂಡು ಬಂದವರಿಗೆ ನಾನು ಲೆಕ್ಕ ತೋರಿಸಬೇಕಾಯಿತು. ತುಂಬಾ ಬೇಜಾರಾಗಿತ್ತು.

ಜುಲೈ ಬರುವುದರೊಳಗೆ ಇಂಥ ಮಾತುಗಳನ್ನೆಲ್ಲ ಸೇರಿಸಿ ನಾಲ್ಕು ಪುಟದ ಕೈಪಿಡಿ ಮಾಡಿ ನನ್ನಲ್ಲಿಗೆ ಬರುವವರಿಗೆ ಕೊಡಬೇಕು ಅಂತಿದ್ದೇನೆ. ಅದಕ್ಕೇ ಕೇಳುತ್ತಿರುವುದು. ‘ಕಳೆತ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆ ಅಪ್ ಅಂಡ್ ಡೌನ್ ಮಾಡುವುದಕ್ಕೆ ಏನೆನ್ನುತ್ತೀರಿ? ಸರ್ಕಾರಿ ನೌಕರರು ಬಳಸುವ ‘ಕೇಂದ್ರಸ್ಥಾನ’ ಪೈಲಟ್‌ಗೂ ಒಪ್ಪುತ್ತದೆಯೇ, ಇಲ್ಲ ‘ನೆಲೆ’ಯೇ ವಾಸಿಯೇ? ‘ಕೆಲಸಕ್ಕೆ’, ‘ಕೆಲಸದ ಮೇಲೆ’ ಎಂಬ ಭೇದ ನಿಮ್ಮ ಊರಿನ ಮಾತಲ್ಲೂ ಇದ್ದರೆ, ಒಂದೊಂದು ವಾಕ್ಯ ಬರೆದು ಕಳಿಸಿ.